ಚಳಿಗಾಲದಲ್ಲಿ ಸೊರಗಿದ ಕೋಳಿಮರಿ

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ, ವಿದ್ಯಾರ್ಥಿವೇತನ ವಿತರಣೆಗೆ ಮುನ್ನ ಮಾಡಿದ ಭಾಷಣದ ಬರಹರೂಪ)

 

ಮನೆಯಲ್ಲಿ ನಾಲ್ಕು ಕೋಳಿ ಸಾಕಿ ಮಕ್ಕಳ ಪುಸ್ತಕದ ಖರ್ಚು ತೂಗಿಸುವ ತಾಯಂದಿರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಈ ಸಲ ಓದಿನ ವಿಷಯ ಬಿಟ್ಟು ಕೋಳಿಮರಿಯ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಒಪ್ಪಿಕೊಂಡೆವು. ನಾವು ಎಂದರೆ ಗಂಡ ಹೆಂಡತಿ ಇಬ್ಬರೂ, ನಿವೃತ್ತ ಶಿಕ್ಷಕರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಪಾಠ ಮಾಡಿದವರು. ಆದರೂ ಒಂದು ಮರಿಯನ್ನು ಕೈಯಾರೆ ಕಳೆದುಕೊಂಡ ಮೇಲೆಯೇ ಇನ್ನೊಂದನ್ನು ಉಳಿಸಿಕೊಳ್ಳುವುದು ನಮಗೆ ಗೊತ್ತಾದದ್ದು.

ಕಳೆದ ಡಿಸೆಂಬರ್. ನಮ್ಮ ಸಕಲೇಶಪುರದ ಕಡೆ ಬೆಳಿಗ್ಗೆ ಎಂಟಾದರೂ ಮಂಜು ಕರಗದ ದಿನಗಳು. ನಮ್ಮಲ್ಲಿ ಪಾಠ ಹೇಳಿಸಿಕೊಳ್ಳಲು ಬರುತ್ತಿದ್ದ ಹತ್ತನೇ ತರಗತಿಯ ಹುಡುಗಿಯೊಬ್ಬಳು ದುಪಟ್ಟಾದಲ್ಲಿ ಎರಡು ಮರಿ ಸುತ್ತಿಕೊಂಡು ಬಂದಳು. ಅವರ ಮನೆಯ ಕೋಳಿ 11 ಮರಿ ಮಾಡಿತ್ತು. ನಾಲ್ಕು ಚಳಿಗೇ ಹೋಗಿದ್ದವು. ಮುಂದೆ ಕಾಲೇಜು ಸೇರುವ ದುಡ್ಡು ಆ ಕೋಳಿಗಳಿಂದಲೇ ಬರಬೇಕಿತ್ತು. "ಟೀಚರ್, ಇವು ಬದುಕುತ್ತವಾ?" ಎಂದಳು. ಕಣ್ಣು ಮುಚ್ಚಿ, ರೆಕ್ಕೆ ಜೋಲು ಬಿಟ್ಟು, ಕಾಲು ತಣ್ಣಗಾಗಿದ್ದ ಮರಿಗಳು. ಕೂಗುವ ಶಕ್ತಿಯೂ ಇರಲಿಲ್ಲ.

ಹಸಿವಿನಿಂದ ಹೀಗಾಗಿದೆ ಎಂದುಕೊಂಡು ನಾವು ಇಂಕ್ ಫಿಲ್ಲರಿನಲ್ಲಿ ಸಕ್ಕರೆ ನೀರು ತೆಗೆದು ಒಂದರ ಬಾಯಿಗೆ ಹಾಕಿದೆವು. ಅದು ಕೊಸರಿತು, ಬಾಯಿ ತೆರೆದು ತೆರೆದು ಉಸಿರಾಡಿತು, ಹೊತ್ತು ಮುಳುಗುವುದರೊಳಗೆ ಸತ್ತಿತು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ಸಲ ತೋರಿಸಿದ್ದೆವೋ! ಹುಡುಗಿ ಏನೂ ಅನ್ನಲಿಲ್ಲ. ಅವಳು ಬೈದಿದ್ದರೆ ಮೇಲಿತ್ತು.

ಎರಡನೆಯದಕ್ಕೆ ಮೊದಲು ಬಿಸಿ ಕೊಟ್ಟೆವು. ಮೊದಲ ಎರಡು ಮೂರು ವಾರ, ಗರಿ ಮೂಡುವವರೆಗೆ, ಮರಿಗೆ ಮೈಶಾಖವನ್ನು ತಾನಾಗಿ ಕಾಯ್ದುಕೊಳ್ಳಲು ಆಗದು. ತಾಯಿಯ ರೆಕ್ಕೆಯೇ ಅದರ ಒಲೆ. ಮೈ ತಣ್ಣಗಿರುವಾಗ ಹೊಟ್ಟೆಗೆ ಹಾಕಿದ್ದು ಅರಗುವುದೂ ಇಲ್ಲ. ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹರಡಿ, ಒಂದು ಮೂಲೆಯಲ್ಲಿ 60 ವ್ಯಾಟಿನ ಬಲ್ಬು ಇಳಿಬಿಟ್ಟೆವು. ಈ ಬಲ್ಬಿಗಾಗಿ ಇಡೀ ಬೀದಿ ಸುತ್ತಬೇಕಾಯಿತು. ಈಗೆಲ್ಲರ ಮನೆಯಲ್ಲೂ ಎಲ್‌ಇಡಿ, ಅದರಲ್ಲಿ ಬೆಳಕಿದೆ, ಕಾವಿಲ್ಲ. ಬಲ್ಬು ರಟ್ಟಿಗಾಗಲಿ ಹೊಟ್ಟಿಗಾಗಲಿ ತಾಗದಂತೆ ತಂತಿ ಬಿಗಿದು ಕಟ್ಟಬೇಕು. ಕೆಂಡದ ಅಗ್ಗಿಷ್ಟಿಕೆಯನ್ನಂತೂ ಬಾಗಿಲು ಹಾಕಿದ ಕೋಣೆಯಲ್ಲಿ ಇಡಲೇಬೇಡಿ. ಅದರ ಹೊಗೆ ಮರಿಗಷ್ಟೇ ಅಲ್ಲ, ಮಲಗಿದ ಮನುಷ್ಯರಿಗೂ ಕುತ್ತು. ಕೆಳಗೆ ಬರೀ ಪೇಪರ್ ಹಾಸಿದರೆ ಕಾಲು ಜಾರಿ ಅಗಲವಾಗಿ ಸೊಟ್ಟಗಾಗುತ್ತದೆ.

ಮೊದಲ ವಾರ ಮರಿ ಇರುವ ಮಟ್ಟದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಯನ್ನೇ ನೋಡಿ. ಬಲ್ಬಿನಡಿ ಮುದುರಿ ಕೂಗುತ್ತಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಅದು ಸರಿಯಲು ಪೆಟ್ಟಿಗೆಯ ಇನ್ನೊಂದು ಬದಿ ತಂಪಾಗಿರಲಿ.

ಒಂದು ಗಂಟೆಯ ಮೇಲೆ ಅದು ತಲೆ ಎತ್ತಿತು. ಉಗುರುಬೆಚ್ಚಗಿನ ಬೆಲ್ಲದ ನೀರಿಗೆ ಕೊಕ್ಕಿನ ತುದಿಯನ್ನಷ್ಟೇ ಅದ್ದಿದೆವು. ಮೂರನೇ ಸಲಕ್ಕೆ ತಾನೇ ನುಂಗಿತು. ಹಿಂಭಾಗದಲ್ಲಿ ಹಿಕ್ಕೆ ಒಣಗಿ ದ್ವಾರ ಕಟ್ಟಿಕೊಂಡಿತ್ತು. ಅದನ್ನು ಕೀಳದೆ, ಬಿಸಿನೀರಿನ ಹತ್ತಿಯಿಂದ ನೆನೆಸಿ ಬಿಡಿಸಿ, ಮೈ ಒಣಗಿಸಿದೆವು. ನೀರಿನ ಬಟ್ಟಲಿಗೆ ಬೆಣಚುಕಲ್ಲು ತುಂಬಿದ್ದರಿಂದ ಮರಿ ಅದರೊಳಗೆ ಬಿದ್ದು ನೆನೆಯಲಿಲ್ಲ. ಮರುದಿನ ಬೇಯಿಸಿದ ಮೊಟ್ಟೆಯ ಹಳದಿ ಪುಡಿ ಮಾಡಿ ಕೊಟ್ಟೆವು, ಆಮೇಲೆ ಅಂಗಡಿಯ ಮರಿ ಆಹಾರ. ಬರೀ ನುಚ್ಚು, ರಾಗಿ ಬೆಳೆಯುವ ಮರಿಗೆ ಸಾಲದು.

ಎರಡನೇ ರಾತ್ರಿ ಕರೆಂಟು ಹೋಯಿತು. ಬಾಟಲಿಗೆ ಬಿಸಿನೀರು ತುಂಬಿ ಹಳೆಯ ಬನಿಯನ್ ಸುತ್ತಿ ಪಕ್ಕದಲ್ಲಿಟ್ಟು, ತಣಿದಾಗಲೆಲ್ಲ ಬದಲಿಸುತ್ತ ಸರದಿಯ ಮೇಲೆ ಕೂತೆವು. ಒಂಟಿ ಮರಿ ಕೂಗುವುದನ್ನು ಕೇಳಲಾಗದೆ ಪುಟ್ಟ ಕನ್ನಡಿಯೊಂದನ್ನು ಒಳಗಿಟ್ಟೆವು. ಕನ್ನಡಿಯೊಳಗಿನ ಮರಿಗೆ ಒರಗಿಕೊಂಡು ನಿದ್ದೆ ಹೋಯಿತು.

ಪಶು ವೈದ್ಯರನ್ನು ಕೇಳಿದೆವು. ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಹನಿ ಹಾಕುತ್ತಾರೆ; ಆದರೆ ಸೊರಗಿದ ಮರಿ ಚೇತರಿಸಿಕೊಳ್ಳುವವರೆಗೆ ಬೇಡ ಎಂದರು. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒಟ್ಟಿಗೆ ಹಲವು ಕೋಳಿ ಸಾಯುತ್ತಿದ್ದರೆ ಯಾವುದನ್ನೂ ಮನೆಯೊಳಗೆ ತರಬೇಡಿ, ಮೊದಲು ಅವರಿಗೆ ತಿಳಿಸಿ. ಮಕ್ಕಳೇ, ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದಕ್ಕೆ ಮುತ್ತು ಕೊಡಬೇಡಿ.

ಐದನೇ ವಾರ, ಗರಿ ತುಂಬಿದ ಮೇಲೆ, ಬಿಸಿಲಿನ ಹೊತ್ತಿನಲ್ಲಿ ಬುಟ್ಟಿ ಕವುಚಿ ಅದರೊಳಗಿಟ್ಟು ಉಳಿದವುಗಳ ನಡುವೆ ಬಿಟ್ಟೆವು. ಒಮ್ಮೆಲೇ ಬಿಟ್ಟರೆ ಕುಕ್ಕಿ ಕೊಲ್ಲುತ್ತವೆ. ನಾಲ್ಕು ದಿನ ಹೀಗೆ ಮಾಡಿದ ಮೇಲೆ ಬುಟ್ಟಿ ತೆಗೆದೆವು.

ಜೂನ್ ತಿಂಗಳಲ್ಲಿ ಕಾಲೇಜಿಗೆ ಸೇರುವಾಗ ಹುಡುಗಿಯ ಅಮ್ಮಿ ಮೂರು ಹುಂಜ ಮಾರಿದರು. ನಮ್ಮ ಮರಿ ಹ್ಯಾಟೆಯಾಗಿತ್ತು, ಉಳಿಯಿತು. ಈಗ ಅದೇ ಕಾವಿಗೆ ಕೂತಿದೆ. ಮೊನ್ನೆ ಹುಡುಗಿ ಬಂದು, "ಟೀಚರ್, ಆ ಬಲ್ಬು ಇದೆಯಾ?" ಎಂದು ಕೇಳಿ ತೆಗೆದುಕೊಂಡು ಹೋದಳು.