ರಾಸಾಯನಿಕಗಳ ನಡುವೆ ನಮ್ಮ ಬಾಳು

(ರಾಯದುರ್ಗದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿ ವರ್ಷವೂ ಈ ಸಭೆಯಲ್ಲಿ ಮಕ್ಕಳ ವ್ಯಾಸಂಗ, ಹಾಜರಿ, ಪರೀಕ್ಷೆಯ ಫಲಿತಾಂಶ ಇವುಗಳನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ನನ್ನ ಪದ್ಧತಿ. ಈ ವರ್ಷ ಅದನ್ನು ಬಿಟ್ಟು, ನಿಮ್ಮ ಕೆಲಸದ ಜಾಗದಲ್ಲಿಯೂ ಮನೆಯ ಮೂಲೆಯಲ್ಲಿಯೂ ಇರುವ ರಾಸಾಯನಿಕ ಪದಾರ್ಥಗಳ ವಿಷಯವಾಗಿ ಮಾತನಾಡಲು ಅಧ್ಯಕ್ಷರ ಅಪ್ಪಣೆಯನ್ನು ಪಡೆದಿದ್ದೇನೆ. ನಾನು ಓದಿದ್ದು ಸಾಹಿತ್ಯ ಮತ್ತು ಇತಿಹಾಸ, ವಿಜ್ಞಾನದ ಪದವೀಧರನಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ, ಮೂರನೆಯ ತರಗತಿಯ ಹುಡುಗನೊಬ್ಬನು ಶಾಲೆಯಿಂದ ಬಾಯಾರಿ ಬಂದು, ಬಚ್ಚಲ ಬಳಿಯಿದ್ದ ಷರಬತ್ತಿನ ಸೀಸೆಯನ್ನೆತ್ತಿ ಒಂದು ಗುಟುಕು ಕುಡಿದನು. ಅದು ಷರಬತ್ತಾಗಿರಲಿಲ್ಲ. ಬಚ್ಚಲು ತೊಳೆಯಲೆಂದು ತಂದೆಯು ಕೆಲಸದ ಜಾಗದಿಂದ ತಂದಿಟ್ಟಿದ್ದ ದ್ರವ. ಕೂಗು ಕೇಳಿ ನಾನು ಓಡಿದೆನು. "ಮೇಷ್ಟ್ರೇ, ಏನು ಮಾಡಲಿ?" ಎಂದು ತಾಯಿ ಕೇಳಿದಳು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಮ್ಮ ಎಂದು ನಾನೇ ಹೇಳಿದೆನು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, "ಕುಡಿದದ್ದು ಏನು?" ಎಂಬುದು. ತಂದೆಗೆ ಅದರ ಹೆಸರು ತಿಳಿಯದು. "ಅಲ್ಲಿ ಅದಕ್ಕೆ ಎರಡನೆಯ ನಂಬರಿನ ಡ್ರಮ್ಮು ಅನ್ನುತ್ತಾರೆ ಸ್ವಾಮಿ" ಎಂದನು. ಅದು ಕಾಸ್ಟಿಕ್ ಸೋಡಾ ಕರಗಿಸಿದ ನೀರೆಂದು ತಿಳಿಯುವಷ್ಟರಲ್ಲಿ ಬಹಳ ಹೊತ್ತು ಕಳೆದಿತ್ತು. ಆಗ ವೈದ್ಯರು ನನ್ನ ಕಡೆ ತಿರುಗಿ, "ಇಳಿಯುವಾಗ ಸುಟ್ಟದ್ದು ಮೇಲಕ್ಕೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ಮೇಷ್ಟ್ರೇ. ವಾಂತಿ ಮಾಡಿಸಬಾರದಾಗಿತ್ತು" ಎಂದರು. ದೇವರ ದಯದಿಂದ ಹುಡುಗನು ಉಳಿದನು. ಆದರೆ ಎಷ್ಟೋ ತಿಂಗಳು ಅವನು ರೊಟ್ಟಿಯನ್ನು ನುಂಗಲಾರದೆ ಗಂಜಿಯನ್ನೇ ಕುಡಿಯಬೇಕಾಯಿತು. ತಾಯಿ ನನ್ನನ್ನು ಒಂದು ದಿನವೂ ದೂರಲಿಲ್ಲ. ಆ ತಪ್ಪು ಮಾತ್ರ ನನ್ನದೇ. ಓದಿದವನೆಂಬ ನಂಬಿಕೆಯಿಂದ ಕೇಳಿದವರಿಗೆ, ತಿಳಿಯದುದನ್ನು ತಿಳಿದವನಂತೆ ಹೇಳಿದೆನು. ಆ ಮೇಲೆ ಬಲ್ಲವರನ್ನು ಕೇಳಿ, ಓದಿ ಕಲಿತುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮದು ಸಣ್ಣ ಊರು, ಭೋಪಾಲದಂತಹ ದೊಡ್ಡ ಕಾರ್ಖಾನೆಗಳು ನಮ್ಮಲ್ಲಿಲ್ಲ, ನಮಗೇಕೆ ಈ ಮಾತು ಎಂದು ಕೆಲವರು ಎಣಿಸಬಹುದು. ರಾಯದುರ್ಗದಲ್ಲಿ ಜೀನ್ಸ್ ಬಟ್ಟೆ ಹೊಲಿಯುವ ಕೆಲಸ ಮನೆಮನೆಯ ಅನ್ನವಾಗಿದೆ. ಹೊಲಿದ ಬಟ್ಟೆಗೆ ಹಳೆಯ ಬಟ್ಟೆಯ ಸೊಗಸು ಬರಿಸಲು ವಾಷಿಂಗ್ ಘಟಕಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಬ್ಲೀಚಿಂಗ್ ದ್ರವ, ಹೈಡ್ರೊಜನ್ ಪೆರಾಕ್ಸೈಡ್, ಕಾಸ್ಟಿಕ್ ಸೋಡಾ, ಅಸಿಟಿಕ್ ಆಮ್ಲ ಮುಂತಾದುವನ್ನು ಬಳಸುತ್ತಾರೆ. ಬಳ್ಳಾರಿಯ ಕಡೆಯ ಇಂತಹ ಘಟಕಗಳಲ್ಲಿ ದುಡಿಯುವ ತಂದೆಯರು ಈ ಸಭೆಯಲ್ಲಿಯೇ ಇದ್ದಾರೆ. ಇತ್ತ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಸೀಮೆಯಲ್ಲಿ, ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಗಳ ಕಡೆ ರೇಷ್ಮೆಹುಳು ಸಾಕುವವರಿದ್ದಾರೆ. ಹುಳುಮನೆಯ ಶುದ್ಧಿಗೆ ಫಾರ್ಮಲಿನ್, ಬ್ಲೀಚಿಂಗ್ ಪೌಡರ್, ಸುಣ್ಣ ಬೇಕು. ಇನ್ನು ಶೇಂಗಾ ಹೊಲಕ್ಕೆ ಹೊಡೆಯುವ ಕೀಟನಾಶಕವಂತೂ ಎಲ್ಲ ಕಡೆಯೂ ಇದೆ. ಅದಕ್ಕೆ ನಾವು ಇಟ್ಟಿರುವ ಹೆಸರು "ಔಷಧಿ"! ವಿಷವನ್ನು ಔಷಧಿಯೆಂದು ಕರೆದು ಕರೆದು ನಮ್ಮ ಭಯವೇ ಹೋಗಿಬಿಟ್ಟಿದೆ.

ಆದುದರಿಂದ ನನ್ನ ಮೊದಲನೆಯ ಮಾತು ಹೆಸರನ್ನು ಕುರಿತದ್ದು. ಯಾವ ರಾಸಾಯನಿಕವನ್ನೂ ಅದರ ಮೂಲ ಡಬ್ಬಿಯಿಂದ ಕುಡಿಯುವ ಸೀಸೆಗಾಗಲಿ ಅಡಿಗೆಯ ಪಾತ್ರೆಗಾಗಲಿ ಬಗ್ಗಿಸಬಾರದು. 1958ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದೊಡನೆ ಸಾಗಿ ಬಂದ ಗೋಧಿಹಿಟ್ಟಿಗೆ ಆ ವಿಷ ತಗಲಿ, ಅದನ್ನು ತಿಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರ ತರುವಾಯವೇ 1968ರಲ್ಲಿ ಕೀಟನಾಶಕಗಳ ಕಾಯಿದೆ ಹುಟ್ಟಿತು. ಇಷ್ಟಾದರೂ, 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಅಸುನೀಗಿದರು. ಅಡಿಗೆಯ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಿಂದ ಹೊರಬಿದ್ದಿತು. ಒಂದು ಶಾಲೆಯ ಹೊಣೆ ಹೊತ್ತಿರುವ ನನಗೆ ಆ ಸುದ್ದಿಯನ್ನು ನೆನೆದಾಗಲೆಲ್ಲ ಎದೆ ನಡುಗುತ್ತದೆ.

ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದಿರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣವು ಓದು ಬಾರದವರಿಗಾಗಿ ಮಾಡಿದ ಗುರುತು. ಕೆಂಪು ಅತಿ ಘೋರವಾದ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಲು ಕಡಿಮೆ, ನೀಲಿ ಮಧ್ಯಮ, ಹಸಿರು ಕೊನೆಯದು. ಹಸಿರೆಂದರೆ ನಿರಪಾಯವೆಂದರ್ಥವಲ್ಲ. ನಾಲ್ಕೂ ವಿಷವೇ.

ಮಕ್ಕಳೇ, ಇಲ್ಲಿ ನಿಮ್ಮ ಪಾಲಿನ ಕೆಲಸವಿದೆ. 1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದಂದಿನಿಂದ ನಮ್ಮ ಮನೆಯ ಮಾತು ಒಂದು, ಕಚೇರಿಯ ಮಾತು ಒಂದು. ಅಂಗಡಿಯಿಂದ ಬರುವ ಡಬ್ಬಿಗಳ ಮೇಲೆ ತೆಲುಗೋ ಹಿಂದಿಯೋ ಇಂಗ್ಲಿಷೋ ಇರುತ್ತದೆ. ನೀವು ಶಾಲೆಯಲ್ಲಿ ಕನ್ನಡದ ಜೊತೆಗೆ ಆ ಅಕ್ಷರಗಳನ್ನೂ ಕಲಿಯುತ್ತಿದ್ದೀರಿ. ಅಪ್ಪನ ಬಳಿ ಕುಳಿತು ಆ ಬರಹವನ್ನು ಓದಿ ಕನ್ನಡದಲ್ಲಿ ಹೇಳಿರಿ. ಓದುವುದಕ್ಕಾಗಿಯೇ ಹೊರತು ಡಬ್ಬಿಯನ್ನು ನೀವಾಗಿ ಮುಟ್ಟುವುದಕ್ಕಾಗಿ ಅಲ್ಲ.

ಎರಡನೆಯ ಮಾತು, ಒಂದನ್ನು ಮತ್ತೊಂದರೊಡನೆ ಬೆರಸಬಾರದು. ಬ್ಲೀಚಿಂಗ್ ದ್ರವಕ್ಕೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಸುರಿದರೂ ಅದೇ ಫಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನರು ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಯುದ್ಧದ ಆಯುಧವನ್ನು ನಾವು ಅರಿಯದೆ ಬಚ್ಚಲಮನೆಯಲ್ಲಿ ತಯಾರಿಸಬಾರದು. ಕಾಸ್ಟಿಕ್ ಸೋಡಾವನ್ನು ಕರಗಿಸುವಾಗ ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಹುಳುಮನೆಗೆ ಫಾರ್ಮಲಿನ್ ಸಿಂಪಡಿಸಿ ಮುಚ್ಚಿದ ಮೇಲೆ, ಕಿಟಕಿ ಬಾಗಿಲುಗಳನ್ನು ತೆರೆದು ಗಾಳಿಯಾಡಿಸದೆ ಒಳಗೆ ಹೋಗಬಾರದು. ಅದರ ಆವಿ ಕಣ್ಣು ಗಂಟಲುಗಳನ್ನು ಉರಿಸುವುದಷ್ಟೇ ಅಲ್ಲದೆ, ಬಹುಕಾಲ ಸೇರಿದರೆ ಕ್ಯಾನ್ಸರ್ ತರುವಂತಹದೆಂದು ನಿಶ್ಚಯವಾಗಿದೆ. ಹೊಲದಲ್ಲಿ ಗಾಳಿಗೆ ಎದುರಾಗಿ ಔಷಧಿ ಹೊಡೆಯುವುದು, ಬರಿಗೈಯಿಂದ ಕಲಸುವುದು, ಕಟ್ಟಿಕೊಂಡ ನಾಜಲನ್ನು ಬಾಯಿಂದ ಊದುವುದು, ಬರಿದಾದ ಡಬ್ಬಿಯಲ್ಲಿ ನೀರು ತುಂಬುವುದು ಇವೆಲ್ಲ ನಮ್ಮ ಕಣ್ಣೆದುರಿಗೇ ನಡೆಯುತ್ತಿವೆ. ಇವನ್ನು ಇಂದಿನಿಂದಲೇ ನಿಲ್ಲಿಸಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು.

ಮೂರನೆಯ ಮಾತು, ಅಪಾಯ ಸಂಭವಿಸಿದಾಗ ಮಾಡತಕ್ಕದ್ದು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಆದುದರಿಂದ ಇವನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿರಿ.

ಮೈಗೆ ಬಿದ್ದರೆ, ತೊಯ್ದ ಬಟ್ಟೆಯನ್ನು ಕೂಡಲೇ ಕಳಚಿ ಹರಿಯುವ ನೀರಿನಿಂದ 20 ನಿಮಿಷ ತೊಳೆಯಬೇಕು. ಪುಡಿಯಾಗಿದ್ದರೆ ಮೊದಲು ಒಣಬಟ್ಟೆಯಿಂದ ಒರಸಿ ತೆಗೆದು ಆಮೇಲೆ ನೀರು. ಆಮ್ಲಕ್ಕೆ ಸೋಡಾ, ಸೋಡಾಕ್ಕೆ ನಿಂಬೆರಸ ಎಂದು ಪ್ರತಿಮದ್ದು ಹುಡುಕುತ್ತ ಕೂರಬಾರದು. ನೀರೇ ಮದ್ದು.

ಕಣ್ಣಿಗೆ ಬಿದ್ದರೆ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಅಷ್ಟೇ ಹೊತ್ತು ನೀರು ಹರಿಸಬೇಕು. ಉಜ್ಜಬಾರದು. ಎದೆಹಾಲು, ಹರಳೆಣ್ಣೆ ಮುಂತಾದುವನ್ನು ಬಿಡಬಾರದು. ಆಸ್ಪತ್ರೆಗೆ ಓಡುವ ಆತುರದಲ್ಲಿ ತೊಳೆಯುವುದನ್ನು ಬಿಟ್ಟರೆ ದಾರಿಯಲ್ಲಿಯೇ ಕಣ್ಣು ಹೋದೀತು.

ಹೊಟ್ಟೆಗೆ ಹೋದರೆ, ವಾಂತಿ ಮಾಡಿಸಬಾರದು. ಬಾಯಿ ಮುಕ್ಕಳಿಸಿ ಉಗುಳಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನು ಸಹ ಹಾಕಬಾರದು. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಆ ಸೀಸೆಯನ್ನೋ ಅದರ ಚೀಟಿಯನ್ನೋ ವೈದ್ಯರ ಬಳಿಗೆ ತಪ್ಪದೆ ಒಯ್ಯಬೇಕು. ಔಷಧಿ ಹೊಡೆದು ಬಂದವರಿಗೆ ವಿಪರೀತ ಬೆವರು, ಜೊಲ್ಲು, ವಾಂತಿ, ಮೈನಡುಕ, ಉಬ್ಬಸ ಕಂಡರೆ ಬಿಸಿಲಿನ ಆಯಾಸವೆಂದು ಮಲಗಿಸಬೇಡಿರಿ. ಅದು ವಿಷವೇರಿದ ಲಕ್ಷಣ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವಿಷ ಮಾಹಿತಿ ಕೇಂದ್ರದ ದೂರವಾಣಿ 1800 116 117. ಅದಕ್ಕೆ ಹಣ ತೆರಬೇಕಾಗಿಲ್ಲ. ಈ ಸಂಖ್ಯೆಯನ್ನು ಅಂದು ನಾನು ತಿಳಿದಿದ್ದರೆ!

ಅನಿಲ ಹಬ್ಬಿದಾಗ ಗಾಳಿಯ ದಿಕ್ಕನ್ನು ನೋಡಬೇಕು. ಗಾಳಿ ಬೀಸುವತ್ತ ಓಡಿದರೆ ಅನಿಲವೂ ನಮ್ಮೊಡನೆಯೇ ಬರುತ್ತದೆ. ಅಡ್ಡಲಾಗಿ ಸರಿದು ಅದರ ದಾರಿಯಿಂದ ತಪ್ಪಿಸಿಕೊಳ್ಳಬೇಕು. ಒದ್ದೆ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಕ್ಲೋರಿನ್ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ನಿಲ್ಲಬಾರದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸುಮಾರು 40 ಟನ್ ವಿಷಾನಿಲ ಹೊರಹೊಮ್ಮಿದಾಗ, ತಮ್ಮ ನೆರೆಯ ಕಾರ್ಖಾನೆಯಲ್ಲಿ ಏನಿದೆಯೆಂಬುದೇ ಜನರಿಗೆ ತಿಳಿದಿರಲಿಲ್ಲ. ಸಾವಿರಾರು ಮಂದಿ ಸತ್ತರು. ನಮ್ಮ ರಾಜ್ಯದಲ್ಲಿಯೇ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ಸ್ಟೈರಿನ್ ಆವಿ ಹಬ್ಬಿ, ಎದ್ದು ಓಡಿದವರು ಬೀದಿಯಲ್ಲಿಯೇ ಕುಸಿದುಬಿದ್ದರು.

ತೊಟ್ಟಿಗೆ ಇಳಿಯುವ ಕೆಲಸದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆಯ ಬಳಿ ಮೀನು ಸಂಸ್ಕರಿಸುವ ಕಾರ್ಖಾನೆಯಲ್ಲಿ ಒಬ್ಬ ಕೂಲಿಯು ತ್ಯಾಜ್ಯದ ತೊಟ್ಟಿಯೊಳಗೆ ಬಿದ್ದನು. ಅವನನ್ನು ಎತ್ತಲು ಹೋದವರೂ ಒಬ್ಬರ ಹಿಂದೊಬ್ಬರು ಬಿದ್ದರು. ದೂರದ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದಿದ್ದ ಐವರು ಹೀಗೆ ಸತ್ತರು. ಕೊಳೆತ ತ್ಯಾಜ್ಯದಿಂದ ಏಳುವ ಹೈಡ್ರೊಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಅಡಗಿಸಿಬಿಡುತ್ತದೆ. ವಾಸನೆ ನಿಂತಿತೆಂದು ನಂಬಿ ಇಳಿಯಬಾರದು. ಬಿದ್ದವನು ಒಡಹುಟ್ಟಿದ ತಮ್ಮನೇ ಆಗಿದ್ದರೂ, ಉಸಿರಾಟದ ಸಾಧನವಿಲ್ಲದೆ ಒಳಗಿಳಿಯಬೇಡಿರಿ. 101ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿರಿ. ಇದು ಕಲ್ಲೆದೆಯ ಮಾತೆಂದು ತೋರಬಹುದು. ಒಂದು ಮನೆಯ ದುಃಖ ಐದು ಮನೆಗೆ ಹರಡದಂತೆ ಮಾಡುವ ಮಾತು ಇದು.

ಎಚ್ಚರಿಕೆಯ ಭಾರವನ್ನೆಲ್ಲ ದುಡಿಯುವವರ ತಲೆಯ ಮೇಲೆಯೇ ಹೊರಿಸುವುದು ಸರಿಯಲ್ಲ. ಕೈಗವಸು, ಕಣ್ಣಿನ ಕಾಪು, ಮುಖಗವಸು, ಕಣ್ಣು ತೊಳೆಯುವ ನೀರಿನ ನಲ್ಲಿ ಇವನ್ನು ಒದಗಿಸುವುದು ಮಾಲೀಕರ ಧರ್ಮ. ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ಅಪಾಯದ ವಿವರವನ್ನು ಕೆಲಸಗಾರರಿಗೆ ತಿಳಿಸಬೇಕೆಂದು ವಿಧಿಸಲಾಯಿತು. ಅಪಾಯಕಾರಿ ರಾಸಾಯನಿಕದ ಪಾತ್ರೆಯ ಮೇಲೆ ಒಳಗಿರುವುದರ ಹೆಸರಿರಬೇಕೆಂಬುದು 1989ರ ನಿಯಮಗಳಲ್ಲಿ ಬಂದಿತು. "ಎರಡನೆಯ ನಂಬರಿನ ಡ್ರಮ್ಮು" ಎಂಬುದು ಹೆಸರಲ್ಲ. "ಸ್ವಾಮಿ, ಇದರ ಹೆಸರೇನು? ಮೈಗೆ ಬಿದ್ದರೆ ಏನು ಮಾಡಬೇಕು?" ಎಂದು ವಿನಯದಿಂದ ಕೇಳಿರಿ. ಕೇಳುವುದು ಅವಿಧೇಯತೆಯಲ್ಲ.

ತಂದೆತಾಯಂದಿರಲ್ಲಿ ಇನ್ನೊಂದು ಅರಿಕೆ. ಬೇಸಗೆಯ ರಜೆಯಲ್ಲಿ ದೊಡ್ಡ ಹುಡುಗರನ್ನು ನಾಲ್ಕು ಕಾಸಿನ ಆಸೆಗೆ ಬಣ್ಣ ಇಳಿಸುವ ಕೆಲಸಕ್ಕೂ ಔಷಧಿ ಹೊಡೆಯುವುದಕ್ಕೂ ಕಳುಹಿಸಬೇಡಿರಿ. ಹದಿನೆಂಟು ತುಂಬದವರನ್ನು ಅಪಾಯಕಾರಿ ಉದ್ಯೋಗಕ್ಕೆ ಹಚ್ಚಬಾರದೆಂದು 2016ರಲ್ಲಿ ಕಾಯಿದೆಯೇ ಆಗಿದೆ. ನಿಮ್ಮ ಕಷ್ಟ ನನಗೆ ತಿಳಿಯದುದಲ್ಲ. ಆದರೆ ಹುಡುಗನ ಕಣ್ಣು ಹೋದರೆ ಆ ಕಾಸು ಅದನ್ನು ತಂದುಕೊಡಲಾರದು.

ಮಕ್ಕಳೇ, ಇಂದು ನಿಮಗೆ ಒಂದೇ ಮನೆಪಾಠ. ಮನೆಗೆ ಹೋಗಿ, ಹಿರಿಯರ ಸಮ್ಮುಖದಲ್ಲಿ, ಮನೆಯಲ್ಲಿರುವ ಇಂತಹ ಡಬ್ಬಿಗಳನ್ನೆಲ್ಲ ನೋಡಿರಿ. ಪ್ರತಿಯೊಂದರ ಹೆಸರನ್ನೂ, "ವಿಷ, ಮುಟ್ಟಬಾರದು" ಎಂಬ ಮಾತನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಚೀಟಿ ಬರೆದು, ಅಪ್ಪನ ಕೈಯಿಂದ ಅಂಟಿಸಿರಿ. ಹೆಸರು ತಿಳಿಯದ ಸೀಸೆಯಿದ್ದರೆ ಅದನ್ನು ಮೂಸಿ ನೋಡಬೇಡಿರಿ. ದೊಡ್ಡವರಿಗೆ ತೋರಿಸಿ ಎತ್ತರದಲ್ಲಿ ಬೀಗ ಹಾಕಿ ಇರಿಸಿರಿ. ನಾಳೆ ಬೆಳಗಿನ ಪ್ರಾರ್ಥನೆಯಾದ ಮೇಲೆ, ಎಷ್ಟು ಚೀಟಿ ಬರೆದಿರೆಂದು ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಗಂಜಿ ಕುಡಿದು ಬದುಕಿದ ಆ ಹುಡುಗನು ಈಗ ದೊಡ್ಡವನಾಗಿದ್ದಾನೆ. ಅವನ ಮನೆಯ ಬಚ್ಚಲಿನಲ್ಲಿ ಈಗ ಹೆಸರಿಲ್ಲದ ಸೀಸೆ ಒಂದೂ ಇಲ್ಲ. ನಮ್ಮೆಲ್ಲರ ಮನೆಗಳೂ ಹಾಗೆಯೇ ಆಗಲೆಂದು ಹಾರೈಸುತ್ತೇನೆ.