ಪಿಕಪ್ ಗಾಡಿಗೆ ಯಾವ ಟಯರು?

ನಮ್ಮ ಜಕ್ಕೂರಿನಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲದ ಟಯರುಗಳೆಂಬುವು 7 ಡಿಗ್ರಿಗಿಂತ ಕೆಳಗಿನ ಶೀತಕ್ಕೆ ಹದಮಾಡಿದ ರಬ್ಬರು. ಇಲ್ಲಿ ಅವಕ್ಕೆ ಕೆಲಸವಿಲ್ಲ. ನಮ್ಮ ಪಾಡೇ ಬೇರೆ: ಹಿಂಗಾರು ಮಳೆ, ಮುಂಜಾವಿನ ಮಂಜು, ನೆನೆದ ಬಳ್ಳಾರಿ ರಸ್ತೆ. ಸರಕು ತುಂಬಿ ಯಶವಂತಪುರಕ್ಕೆ ಹೊರಟ ಗಾಡಿ ಬ್ರೇಕು ತುಳಿದೊಡನೆ ನಿಲ್ಲಬೇಕಷ್ಟೆ.

ಅಂಗಡಿಯವರು ‘ಆಲ್ ಟೆರೇನ್’ ಎನ್ನುವ ದಪ್ಪಹಲ್ಲಿನ ಟಯರು ನೋಡಲೇನೋ ಗಂಭೀರ. ದಿನವೂ ಹೊಲದ ಕೆಸರಿಗೆ ಇಳಿಯುವವರು ಅದನ್ನು ಕೊಳ್ಳಲಿ. ಟಾರಿನ ಮೇಲೆಯೇ ಓಡಿಸುವವರಿಗೆ ಸದ್ದೂ ಹೆಚ್ಚು, ಡೀಸೆಲ್ಲೂ ಹೆಚ್ಚು. ನೀರನ್ನು ಹೊರದೂಡುವುದು ಟಯರಿನ ತೋಡುಗಳ ಆಳ. ಕಾನೂನು 1.6 ಮಿಲಿಮೀಟರಿಗೆ ತೃಪ್ತಿಪಟ್ಟರೂ, 3 ಉಳಿದಾಗಲೇ ಬದಲಿಸಿರೆಂದು ನನ್ನ ಮಾತು.

ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿರಿ. 4023 ಎಂದರೆ 2023ರ 40ನೆಯ ವಾರದ ಜನನ. ‘ಹೊಸ ಮಾಲು ಸ್ವಾಮಿ’ ಎಂದರೂ ಈ ಜಾತಕವನ್ನೇ ನಂಬಿ. ಹೊರುವ ಭಾರದ ಅಂಕಿಯಂತೂ ಗಾಡಿ ತಯಾರಕರು ಹೇಳಿದ್ದಕ್ಕಿಂತ ಕಡಿಮೆಯಿರಕೂಡದು.