ರಿವರ್ಸ್ ಗೇರು ಬೀಳದಿದ್ದಾಗ: ಗೇರ್ ಪೆಟ್ಟಿಗೆ ಬಿಚ್ಚುವ ಮುನ್ನ ನೋಡಬೇಕಾದದ್ದು

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಟ್ರ್ಯಾಕ್ಟರ್ ಮಾಲೀಕರು ಹಾಗೂ ಚಾಲಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯಲ್ಲಿ ಮುಂಗಾರಿಗಿಂತ ಮೊದಲು ಬೀಳುವ ಮಳೆಗೆ ಬಹಳ ಬೆಲೆ. ಅಶ್ವಿನಿ, ಭರಣಿ ಮಳೆಗಳು ಬಿದ್ದು ಭೂಮಿ ಹದಕ್ಕೆ ಬಂದೊಡನೆ ಸೂರ್ಯಕಾಂತಿ, ಹತ್ತಿ, ಜೋಳದ ಬಿತ್ತನೆ, ಅರಿಶಿನಕ್ಕೆ ಭೂಮಿ ಸಿದ್ಧತೆ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಕಪ್ಪು ಭೂಮಿಯಾದರಂತೂ ಹದ ಕೆಲವೇ ದಿನ; ಒಣಗಿತೆಂದರೆ ಹೆಂಟೆ ಏಳುತ್ತದೆ. ಅಂಥ ಒಂದು ಬೆಳಿಗ್ಗೆ ಟ್ರ್ಯಾಕ್ಟರು ಹೊಲದ ತುದಿ ಮುಟ್ಟಿ, ಬದುವಿಗೆ ಮುಖಮಾಡಿ ನಿಂತು, ರಿವರ್ಸ್ ಗೇರಿಗೆ ಬೀಳದೆ ಕರಕರನೆ ಅರಚತೊಡಗಿದರೆ ಮಾಲೀಕನ ಬಾಯಿಂದ ಬರುವ ಮೊದಲ ಮಾತು ಒಂದೇ: "ಗೇರ್ ಬಾಕ್ಸ್ ಹೋಯಿತು."

ಬಹಳಷ್ಟು ಸಲ ಗೇರ್ ಪೆಟ್ಟಿಗೆ ಹೋಗಿರುವುದಿಲ್ಲ. ಸದ್ದು ಅಲ್ಲಿಂದ ಬರುತ್ತದೆ, ದೋಷ ಮಾತ್ರ ಕ್ಲಚ್ಚಿನಲ್ಲೋ, ಕ್ಲಚ್ ಪೆಡಲಿನ ಸಲಾಕೆಯಲ್ಲೋ, ಚಾಲಕನ ಎಡಗಾಲಿನಲ್ಲೋ ಇರುತ್ತದೆ. ಗೇರ್ ಪೆಟ್ಟಿಗೆ ಬಿಚ್ಚಿಸಿದರೆ ಹಣವೂ ಹೋಗುತ್ತದೆ, ಹದವೂ ಹೋಗುತ್ತದೆ. ಕ್ಲಚ್ ಪೆಡಲಿನ ಸಡಿಲ ಸರಿಪಡಿಸಲು ಒಂದು ಜೊತೆ ಸ್ಪ್ಯಾನರು, ಅರ್ಧ ಗಂಟೆ ಸಾಕು. ಆದ್ದರಿಂದ ಯಾವುದನ್ನು ಮೊದಲು ನೋಡಬೇಕೆಂಬುದು ರೈತನಿಗೇ ಗೊತ್ತಿರುವುದು ಅತ್ಯವಶ್ಯಕ.

ಮೊದಲಿಗೆ, ಮುಂದಿನ ಗೇರುಗಳಿಗಿಂತ ರಿವರ್ಸ್ ಗೇರೇ ಹೆಚ್ಚು ತಕರಾರು ಮಾಡುವುದೇಕೆ? ಮುಂದಿನ ಗೇರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತಿರುತ್ತವೆ. ಬದಲಾಗುವುದು ವೇಗ ಮಾತ್ರ. ಹಿಂದಕ್ಕೆ ಹೋಗಬೇಕಾದರೆ ನಡುವೆ ಇನ್ನೊಂದು ಪುಟ್ಟ ಹಲ್ಲುಚಕ್ರ ಬಂದು ದಿಕ್ಕನ್ನು ತಿರುಗಿಸಬೇಕು. ಇದಕ್ಕೆ ಐಡ್ಲರ್ ಗೇರು ಎನ್ನುತ್ತಾರೆ. ಟ್ರ್ಯಾಕ್ಟರು ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ರಿವರ್ಸಿಗೆ ಎಳೆದರೆ ಎದುರುಬದುರು ತಿರುಗುವ ಎರಡು ಚಕ್ರಗಳ ವೇಗ ಒಂದಕ್ಕೊಂದು ಕೂಡಿ ಹಲ್ಲಿಗೆ ಹಲ್ಲು ಬಡಿಯುತ್ತದೆ. ಸಿಂಕ್ರೋ ಶಟಲ್ ಇರುವ ಮಾದರಿಗಳಲ್ಲಿ ಈ ವೇಗಗಳನ್ನು ಹೊಂದಿಸುವ ಹಿತ್ತಾಳೆ ಉಂಗುರ ಇರುತ್ತದೆ. ಎಂಟು ಮುಂದಿನ, ಎರಡು ಹಿಂದಿನ ಗೇರುಗಳಿರುವ ಸಾಮಾನ್ಯ ಟ್ರ್ಯಾಕ್ಟರಿನ ರಿವರ್ಸಿಗೆ ಸಾಧಾರಣವಾಗಿ ಆ ಅನುಕೂಲವಿಲ್ಲ. ನೇಗಿಲು ಹೂಡಿದ ಎತ್ತುಗಳನ್ನು ಬದುವಿನ ಬಳಿ ತಿರುಗಿಸುವವನು ಮೊದಲು ಅವುಗಳನ್ನು ನಿಲ್ಲಿಸುತ್ತಾನೆ. ಟ್ರ್ಯಾಕ್ಟರಿಗೂ ಅದೇ ನಡತೆ ಬೇಕು.

ಇನ್ನು ಪರೀಕ್ಷೆಗೆ ಬರೋಣ. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹಿಂದೆ ಮುಂದೆ ಯಾರೂ ಇರಬಾರದು, ಮಕ್ಕಳಂತೂ ಸುಳಿಯಲೇಬಾರದು. ಎಂಜಿನ್ ನಿಧಾನ ವೇಗದಲ್ಲಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ ಪೆಡಲನ್ನು ತಳಮುಟ್ಟ ಒತ್ತಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ ಲಿವರನ್ನು ಮೆಲ್ಲನೆ ರಿವರ್ಸಿಗೆ ತನ್ನಿ. ಸದ್ದಿಲ್ಲದೆ ಬಿದ್ದರೆ ಯಂತ್ರದಲ್ಲಿ ದೋಷವಿಲ್ಲ, ಅವಸರದಲ್ಲಿ ದೋಷವಿದೆ. ಕ್ಲಚ್ ಒತ್ತಿದ ಕೂಡಲೇ ಒಳಗಿನ ಚಕ್ರಗಳು ನಿಲ್ಲುವುದಿಲ್ಲ. ಎಣ್ಣೆಯಲ್ಲಿ ತೇಲುತ್ತಾ ಕೆಲವು ಕ್ಷಣ ತಿರುಗುತ್ತಲೇ ಇರುತ್ತವೆ. ಆ ಕ್ಷಣಗಳನ್ನು ಕಾಯಬೇಕು.

ಹತ್ತು ಎಣಿಸಿದರೂ ಅರಚಿದರೆ ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಮತ್ತೆ ರಿವರ್ಸಿಗೆ ಹಾಕಿ ನೋಡಿ. ಈಗ ಸಲೀಸಾಗಿ ಬಿದ್ದಿತೇ? ಹಾಗಾದರೆ ಲಿವರು, ಫೋರ್ಕು ಸರಿಯಾಗಿವೆ. ಪೆಡಲ್ ಒತ್ತಿದರೂ ಎಂಜಿನ್ನಿನ ಶಕ್ತಿ ಪೂರ್ತಿ ಕಡಿದುಹೋಗುತ್ತಿಲ್ಲ ಎಂದರ್ಥ. ಎಂಜಿನ್ ನಿಂತಿದ್ದಾಗಲೂ ಬೀಳದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರಬಹುದು. ಪೆಡಲನ್ನು ಒಮ್ಮೆ ಬಿಟ್ಟು ಒತ್ತಿ, ಟ್ರ್ಯಾಕ್ಟರನ್ನು ಗೇಣಷ್ಟು ತಳ್ಳಿ ಮತ್ತೆ ಪ್ರಯತ್ನಿಸಿ. ಆಗಲೂ ಒಪ್ಪದಿದ್ದರೆ ಮಾತ್ರ ಲಿವರಿನ ತಳದ ಗುಂಡು ಸವೆದಿರುವುದು, ಫೋರ್ಕು ಬಾಗಿರುವುದು ಮುಂತಾದ ಒಳದೋಷಗಳನ್ನು ಶಂಕಿಸಬೇಕು. ಪರೀಕ್ಷೆ ಮುಗಿದ ಮೇಲೆ ಗೇರನ್ನು ನ್ಯೂಟ್ರಲ್ಲಿಗೆ ತರದೆ ಎಂಜಿನ್ ಚಾಲೂ ಮಾಡಬಾರದು.

ಮೊದಲ ಪರೀಕ್ಷೆಯಲ್ಲಿ ಅರಚಿ, ಎರಡನೆಯದರಲ್ಲಿ ಸಲೀಸಾಗಿ ಬಿದ್ದರೆ ಮೊದಲು ಪೆಡಲಿಗೆ ಬನ್ನಿ. ಪೆಡಲನ್ನು ಕೈಯಿಂದ ಮೆಲ್ಲನೆ ಒತ್ತಿದರೆ ಸ್ವಲ್ಪ ದೂರ ಬಿಗಿಯಿಲ್ಲದೆ ಹೋಗಿ ಆಮೇಲೆ ಬಿಗಿ ಸಿಗುತ್ತದೆ. ಈ ಸಡಿಲ ನಡೆಯೇ ಫ್ರೀ ಪ್ಲೇ. ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಇದು 20ರಿಂದ 30 ಮಿಲಿಮೀಟರ್, ಅಂದರೆ ಒಂದು ಅಂಗುಲದ ಆಸುಪಾಸು. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಕೊಟ್ಟ ಅಳತೆಯೇ ಅಂತಿಮ. ಸಡಿಲ ಹೆಚ್ಚಾದರೆ ಪೆಡಲ್ ತಳಮುಟ್ಟಿದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ಗೇರು ಅರಚುತ್ತದೆ. ಸಡಿಲ ಕಡಿಮೆಯಾದರೆ ಕ್ಲಚ್ಚು ಪೂರ್ತಿ ಹಿಡಿಯುವುದಿಲ್ಲ, ಜಾರಿ ಸುಡುತ್ತದೆ. ರಿಲೀಸ್ ಬೇರಿಂಗೂ ಬೇಗ ಹಾಳಾಗುತ್ತದೆ. ಕ್ಲಚ್ ಪ್ಲೇಟಿನ ಲೈನಿಂಗ್ ಸವೆದಂತೆ ಸಡಿಲ ಕಡಿಮೆಯಾಗುತ್ತಾ ಹೋಗುತ್ತದೆ. ಸಲಾಕೆಯ ಪಿನ್ನು, ತೂತು ಸವೆದಂತೆ ಹೆಚ್ಚುತ್ತಾ ಹೋಗುತ್ತದೆ. ಎರಡು ಸವೆತ ಎರಡು ದಿಕ್ಕಿಗೆ ಎಳೆಯುವುದರಿಂದ, ಒಮ್ಮೆ ಸರಿಮಾಡಿಸಿದೆವೆಂದು ಮರೆತುಬಿಡುವಂತಿಲ್ಲ. ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ, ಕಾಟರ್ ಪಿನ್ನಿನ ಬದಲು ಬೇಲಿ ತಂತಿ ಸುತ್ತಿದ್ದರೆ ಆ ಸಲಾಕೆಯಲ್ಲಿ ಯಾವ ಅಳತೆಯೂ ನಿಲ್ಲದು. ತಂತಿ ಸುತ್ತಿ ಒಂದು ದಿನ ದೂಡಬಹುದು, ಒಂದು ಹಂಗಾಮನ್ನಲ್ಲ.

ಪೆಡಲ್ ಸರಿಯಿದ್ದೂ ಕ್ಲಚ್ಚು ಬಿಡದಿದ್ದರೆ ಒಳಗೆ ಪ್ಲೇಟು ಸೊಟ್ಟಗಾಗಿರಬಹುದು, ಪ್ರೆಷರ್ ಪ್ಲೇಟಿನ ಬೆರಳುಗಳು ಏರುಪೇರಾಗಿರಬಹುದು, ಪ್ಲೇಟು ಜಾರಬೇಕಾದ ಶಾಫ್ಟಿನ ಗೀರುಗಳು ತುಕ್ಕು ಹಿಡಿದಿರಬಹುದು, ಅಥವಾ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ಹಿಡಿದುಕೊಂಡಿರಬಹುದು. ಇವುಗಳಿಗೆ ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಿಯೇ ನೋಡಬೇಕು, ಮೆಕ್ಯಾನಿಕ್ಕಿನ ಕೆಲಸ. ಆದರೆ ಹೋಳು ಮಾಡುವ ಮುನ್ನ ಕ್ಲಚ್ ಹೌಸಿಂಗಿನ ಅಡಿಯಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಒಂದು ಪಿನ್ನು ಇದೆಯೇ ನೋಡಿ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಎಂಜಿನ್ನಿನ ಹಿಂದಿನ ಸೀಲೋ ಗೇರ್ ಪೆಟ್ಟಿಗೆಯ ಮುಂದಿನ ಸೀಲೋ ಸೋರುತ್ತಿದೆ. ತೂತು ಕೆಸರು ಮೆತ್ತಿ ಮುಚ್ಚಿದ್ದರೆ ನೀರು ಒಳಗೇ ನಿಂತು ಪ್ಲೇಟನ್ನು ತುಕ್ಕು ಹಿಡಿಸುತ್ತದೆ. ಟ್ರ್ಯಾಕ್ಟರನ್ನು ತೊಳೆಯುವವರು ಬಾನೆಟ್ಟನ್ನು ಹೊಳೆಯುವಂತೆ ಒರೆಸುತ್ತಾರೆ, ಈ ತೂತನ್ನು ನೋಡುವುದಿಲ್ಲ.

ಬೇಸಿಗೆಯಲ್ಲಿ ಕೆರೆ ಗೋಡು, ಕೊಟ್ಟಿಗೆ ಗೊಬ್ಬರ ತುಂಬಲು ಲೋಡರ್ ಕಟ್ಟಿದ ಟ್ರ್ಯಾಕ್ಟರುಗಳ ಕಥೆಯೇ ಬೇರೆ. ರಾಶಿಗೆ ನುಗ್ಗಿ ತುಂಬಿಕೊಂಡು ಹಿಂದಕ್ಕೆ, ಟ್ರೇಲರಿನ ಕಡೆ ಮುಂದಕ್ಕೆ, ಸುರಿದು ಹಿಂದಕ್ಕೆ, ರಾಶಿಯ ಕಡೆ ಮತ್ತೆ ಮುಂದಕ್ಕೆ. ಒಂದು ಬಕೆಟ್ಟಿಗೆ ನಾಲ್ಕು ಸಲ ದಿಕ್ಕು ಬದಲು. ಟ್ರೇಲರಿಗೆ ಹತ್ತು ಬಕೆಟ್ಟು, ದಿನಕ್ಕೆ ಹತ್ತು ಟ್ರೇಲರು ಎಂದುಕೊಂಡರೂ ಒಂದು ದಿನಕ್ಕೆ ನಾನೂರು ಸಲ. ಉಳುಮೆಯಲ್ಲಿ ಇಷ್ಟು ಬದಲಾವಣೆಗೆ ಎಷ್ಟೋ ದಿನ ಬೇಕು. ಪ್ರತಿ ಸಲವೂ ಚಕ್ರ ನಿಲ್ಲುವ ಮೊದಲೇ ಎಳೆದರೆ ಹಲ್ಲುಗಳ ಅಂಚು ಉಳಿಯುವುದೆಂತು? ಲೋಡರ್ ಕೆಲಸಕ್ಕೆ ಒಂದೇ ಲಿವರಿನಿಂದ ಹಿಂದೆ ಮುಂದೆ ಹೋಗುವಂತೆ ಕಡಿಮೆ ವೇಗದ ಗೇರನ್ನು ಆರಿಸಿಕೊಳ್ಳಬೇಕು. ಹೈ-ಲೋ ಲಿವರನ್ನು ಟ್ರ್ಯಾಕ್ಟರು ನಿಂತಾಗ ಮಾತ್ರ ಮುಟ್ಟಬೇಕು. ಟ್ರ್ಯಾಕ್ಟರನ್ನು ಬ್ರೇಕಿನಿಂದ ನಿಲ್ಲಿಸಬೇಕೇ ಹೊರತು ರಿವರ್ಸ್ ಗೇರಿನಿಂದಲ್ಲ. ಬಿಡುವಿನಲ್ಲಿ ಎಡಗಾಲನ್ನು ಪೆಡಲಿನ ಮೇಲೆ ಇಟ್ಟುಕೊಂಡು ಕೂರುವುದು ಹಲವು ಚಾಲಕರ ಅಭ್ಯಾಸ. ಆ ಕಾಲಿನ ಭಾರವೇ ರಿಲೀಸ್ ಬೇರಿಂಗನ್ನು ತಿನ್ನುತ್ತದೆ.

ಗೇರು ಬಿದ್ದರೂ ಟ್ರ್ಯಾಕ್ಟರು ಕದಲದಿದ್ದರೆ ಹೈ-ಲೋ ಲಿವರು ನಡುವೆ ನಿಂತಿದೆಯೇ, ಕೈಬ್ರೇಕು ಎಳೆದಿದೆಯೇ ನೋಡಿ. ನಗಬೇಡಿ, ಬಾಡಿಗೆ ಟ್ರ್ಯಾಕ್ಟರಿಗೆ ಹೊಸ ಚಾಲಕ ಬಂದಾಗ ಇದು ಆಗುವುದುಂಟು. ಎಂಜಿನ್ ಒಂದೇ ಸಮನೆ ಕೂಗುತ್ತಾ ಸುಟ್ಟ ವಾಸನೆ ಬಂದರೆ ಕ್ಲಚ್ಚು ಜಾರುತ್ತಿದೆ. ಮುಂದಕ್ಕೆ ಹೋಗಿ ಹಿಂದಕ್ಕೆ ಮಾತ್ರ ಹೋಗದಿದ್ದರೆ ಕ್ಲಚ್ಚಿನ ಮೇಲೆ ತಪ್ಪು ಹೊರಿಸುವಂತಿಲ್ಲ, ಐಡ್ಲರ್ ಕಡೆಯೇ ನೋಡಬೇಕು.

ಹಾಕಿದ ಗೇರು ತಾನೇ ಹಾರಿ ನ್ಯೂಟ್ರಲ್ಲಿಗೆ ಬರುವುದು ಇನ್ನೊಂದು ದೂರು, ಇಳಿಜಾರಿನಲ್ಲಿ ಬಹಳ ಅಪಾಯಕರ. ಲಿವರಿನ ಬುಡದ ರಬ್ಬರು ಗಟ್ಟಿಯಾಗಿ ಅಥವಾ ಮಣ್ಣು ತುಂಬಿಕೊಂಡು ಲಿವರು ಪೂರ್ತಿ ಹೋಗಲು ಬಿಡದಿದ್ದರೆ ಹೀಗಾಗುತ್ತದೆ, ಅದನ್ನು ಮನೆಯಲ್ಲೇ ಸರಿಪಡಿಸಬಹುದು. ಅದು ಸರಿಯಿದ್ದರೆ ಗೇರನ್ನು ಹಿಡಿದಿಡುವ ಗುಂಡು-ಸ್ಪ್ರಿಂಗು ದುರ್ಬಲವಾಗಿರುವುದು, ಫೋರ್ಕು ಅಥವಾ ಹಲ್ಲು ಸವೆದಿರುವುದು ಕಾರಣ. ಗೇರ್ ಪೆಟ್ಟಿಗೆ ಬಿಚ್ಚಲು ಇದು ನ್ಯಾಯವಾದ ಕಾರಣ. ಲಿವರನ್ನು ಕೈಯಲ್ಲಿ ಒತ್ತಿಹಿಡಿದು ಹಂಗಾಮು ಮುಗಿಸುತ್ತೇವೆಂದು ಹೊರಡುವುದು ತಪ್ಪು.

ಹೈಡ್ರಾಲಿಕ್ ರಿವರ್ಸರ್ ಇರುವ ಟ್ರ್ಯಾಕ್ಟರುಗಳಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಕ್ಲಚ್ ಪ್ಯಾಕು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಎರಡು ಕಡೆಗೂ ಬಲವಿಲ್ಲದಿದ್ದರೆ ಎಣ್ಣೆಯ ಮಟ್ಟ, ಫಿಲ್ಟರು, ಪಂಪು ನೋಡಬೇಕು. ಒಂದೇ ಕಡೆಗೆ ಬಲವಿಲ್ಲದಿದ್ದರೆ ಆ ಕಡೆಯ ಪ್ಯಾಕು ಅಥವಾ ಅದರ ಸೊಲೆನಾಯ್ಡು. ಫ್ಯೂಸು, ಸೀಟಿನಡಿಯ ಸ್ವಿಚ್ಚು, ಬ್ಯಾಟರಿ ತಂತಿಯ ಬಿಗಿಯನ್ನೂ ಮರೆಯಬಾರದು.

ಎಣ್ಣೆಯ ವಿಷಯದಲ್ಲಿ ನಿರ್ಲಕ್ಷ್ಯ ಕಂಡುಬರುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರು, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೂ ಅದೇ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಸುರಿಯದೆ ಕೈಪಿಡಿಯ ದರ್ಜೆಯನ್ನೇ ಕೇಳಿ ತರಬೇಕು. ಕೊಳ್ಳೇಗಾಲ, ಯಳಂದೂರು ಕಡೆಯ ಗದ್ದೆಗಳಲ್ಲಿ ಕೆಸರು ಮಾಡಲು ಬಾಡಿಗೆಗೆ ಹೋಗಿಬಂದ ಟ್ರ್ಯಾಕ್ಟರಿನ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದೆ, ಕೂಡಲೇ ಬದಲಿಸಬೇಕು. ಎಣ್ಣೆ ಇಳಿಸುವಾಗ ಅದರಲ್ಲಿ ಒಂದು ಅಯಸ್ಕಾಂತವನ್ನು ಆಡಿಸಿ ನೋಡಿ. ನುಣ್ಣನೆಯ ಕಪ್ಪು ಹಿಟ್ಟು ಸಹಜ ಸವೆತ. ಹೊಳೆಯುವ ಚೂರು, ಹಲ್ಲಿನ ತುಂಡು ಅಂಟಿದರೆ ಒಳಗೆ ಒಡೆಯುತ್ತಿದೆ. ಅಯಸ್ಕಾಂತಕ್ಕೆ ಅಂಟದ ಹಳದಿ ಚೂರು ಸಿಂಕ್ರೋ ಉಂಗುರದ್ದೋ ಬುಷ್ಷಿನದ್ದೋ ಆಗಿರುತ್ತದೆ.

ಒಂದು ಪದ್ಧತಿಯನ್ನು ಮಾತ್ರ ಇಂದೇ ಬಿಡಬೇಕು. ಗೇರು ನ್ಯೂಟ್ರಲ್‌ನಲ್ಲಿಲ್ಲದಿದ್ದರೆ, ಅಥವಾ ಕ್ಲಚ್ ಒತ್ತದಿದ್ದರೆ, ಸ್ಟಾರ್ಟರ್ ತಿರುಗದಂತೆ ತಡೆಯುವ ಸ್ವಿಚ್ಚು ಹಲವು ಟ್ರ್ಯಾಕ್ಟರುಗಳಲ್ಲಿದೆ. ಲಿವರು ಸಡಿಲವಾದಾಗ ಈ ಸ್ವಿಚ್ಚು ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಟ್ರ್ಯಾಕ್ಟರು ಚಾಲೂ ಆಗುವುದಿಲ್ಲ. ಆಗ ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ತುದಿಗಳನ್ನು ಮುಟ್ಟಿಸಿ ಚಾಲೂ ಮಾಡುವವರಿದ್ದಾರೆ. ಗೇರು ಬಿದ್ದಿದ್ದರೆ ಎಂಜಿನ್ ಹತ್ತಿದ ಮರುಕ್ಷಣವೇ ಟ್ರ್ಯಾಕ್ಟರು ಚಲಿಸುತ್ತದೆ. ಹಿಂದಿನ ದೊಡ್ಡ ಚಕ್ರದ ಮುಂದೆ ನಿಂತವನಿಗೆ ಸರಿಯಲು ಸಮಯವೇ ಇರುವುದಿಲ್ಲ. ಸ್ವಿಚ್ಚನ್ನು ರಿಪೇರಿ ಮಾಡಿಸಿ, ಸೀಟಿನ ಮೇಲೆ ಕೂತೇ ಚಾಲೂ ಮಾಡಿ.

ಚಾಲಕರಿಗೆ ಕ್ರಮಬದ್ಧ ತರಬೇತಿ ಕೊಡಿಸಬೇಕೆನ್ನುವವರಿಗೆ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿ 1983ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಬೆಳೆ ಮುಗಿದು ಟ್ರ್ಯಾಕ್ಟರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕ್ಲಚ್ ಪೆಡಲನ್ನು ಒತ್ತಿ, ಅದು ಮೇಲೇಳದಂತೆ ಒಂದು ಮರದ ತುಂಡನ್ನು ಆನಿಸಿಡಿ, ಚಕ್ರಗಳಿಗೆ ಕಲ್ಲು ಕೊಡಿ. ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಳ್ಳುವುದು ತಪ್ಪುತ್ತದೆ. ಇಷ್ಟಾದರೂ ಮೆಕ್ಯಾನಿಕ್ಕನ್ನು ಕರೆಸುವಂತಾದರೆ "ಗೇರ್ ಬಾಕ್ಸ್ ಹೋಗಿದೆ" ಎನ್ನಬೇಡಿ. ಎಂಜಿನ್ ನಿಂತಾಗ ಗೇರು ಬೀಳುತ್ತದೆಯೇ, ಓಡುವಾಗ ಎಷ್ಟು ಎಣಿಸಿದರೂ ಅರಚುತ್ತದೆಯೇ, ಪೆಡಲಿನ ಸಡಿಲ ಎಷ್ಟು, ಎಣ್ಣೆಯ ಬಣ್ಣ ಹೇಗಿದೆ, ಮೀಟರಿನಲ್ಲಿ ಎಷ್ಟು ಗಂಟೆ ಓಡಿದೆ ಎಂಬ ಐದು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಡಿ.